ಯಂತ್ರಕ್ಕಿಂತ ಮೊದಲು ತಕ್ಕಡಿ: ಹಾಸನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ನಾರು ಘಟಕದ ಮಾಲೀಕನೊಬ್ಬನ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಂಟಿ ನಿರ್ದೇಶಕರು,
ಜಿಲ್ಲಾ ಕೈಗಾರಿಕಾ ಕೇಂದ್ರ, ಹಾಸನ.

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಹಾಸನ ಜಿಲ್ಲೆ.

ವಿಷಯ: ಜಿಲ್ಲೆಯ ತೆಂಗಿನ ನಾರು ಘಟಕಗಳ ಕಾರ್ಯದಕ್ಷತೆ ಮತ್ತು ಮೌಲ್ಯವರ್ಧನೆಗೆ ಸಾಮೂಹಿಕ ಸೌಲಭ್ಯ ಒದಗಿಸುವ ಕುರಿತು.

ಮಾನ್ಯರೇ,

ಅರಸೀಕೆರೆ ತಾಲ್ಲೂಕಿನಲ್ಲಿ ತೆಂಗಿನ ಮಟ್ಟೆಯಿಂದ ನಾರು ತೆಗೆಯುವ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನಾನು, ನಮ್ಮ ಉದ್ಯಮಕ್ಕೆ ಸರ್ಕಾರದ ನೆರವು ಯಾವ ಜಾಗದಲ್ಲಿ ಸಿಗಬೇಕು ಎಂಬುದರ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಇಷ್ಟೇ: ನಾರು ಬಿಡಿಸುವ ಯಂತ್ರಗಳ ಸಂಖ್ಯೆ ಹೆಚ್ಚಿಸಲು ಕೊಡುವ ಹಣದ ಒಂದು ಪಾಲನ್ನಾದರೂ ತೂಗುವ, ಪರೀಕ್ಷಿಸುವ, ತೊಳೆಯುವ, ಒಣಗಿಸುವ ಮತ್ತು ಒತ್ತಿ ಕಟ್ಟುವ ಕೆಲಸಗಳಿಗೆ ಬೇಕಾದ ಸಾಮೂಹಿಕ ವ್ಯವಸ್ಥೆಯ ಕಡೆಗೆ ತಿರುಗಿಸಬೇಕು. ಸರಕು ಯಂತ್ರದಿಂದ ಹೊರಬಿದ್ದ ಮೇಲೆಯೇ ನಮ್ಮ ಗಳಿಕೆಯ ಹೆಚ್ಚಿನ ಭಾಗ ಸೋರಿಹೋಗುತ್ತಿದೆ.

ಅರಸೀಕೆರೆ, ಚನ್ನರಾಯಪಟ್ಟಣ ಮತ್ತು ಪಕ್ಕದ ತಿಪಟೂರು ಸೀಮೆಯ ತೆಂಗಿನ ಬೇಸಾಯ ಕರಾವಳಿಯದಕ್ಕಿಂತ ಬೇರೆ ಎಂಬುದು ತಮಗೆ ತಿಳಿದೇ ಇದೆ. ಇಲ್ಲಿನ ರೈತರು ಕಾಯಿಯನ್ನು ಕಿತ್ತ ಕೂಡಲೇ ಸುಲಿಯದೆ, ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಇಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಗಿಟುಕಾದ ಮೇಲೆ ಸುಲಿಸುತ್ತಾರೆ. ಹಾಗಾಗಿ ನಮಗೆ ಬರುವ ಮಟ್ಟೆಯಲ್ಲಿ ಬಹುಪಾಲು ಚೆನ್ನಾಗಿ ಒಣಗಿದ ಕಂದು ಮಟ್ಟೆ. ಕೇರಳದ ಹಿನ್ನೀರಿನಲ್ಲಿ ಹಸಿ ಮಟ್ಟೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ ತೆಗೆಯುವ ಬಿಳಿ ನಾರು ನಮ್ಮಲ್ಲಿ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಹಾಸಿಗೆ, ಬ್ರಷ್, ಹಗ್ಗ, ಮಣ್ಣು ಹಿಡಿಯುವ ಬಲೆ ಇವುಗಳಿಗೆ ಕಂದು ನಾರು ಸಾಕು. ಆದರೆ ಹೀಗೆ ಒಣಗಿದ ಮಟ್ಟೆಯನ್ನು ನೆನೆಸದೆ ಯಂತ್ರಕ್ಕೆ ಕೊಟ್ಟರೆ ಉದ್ದ ನಾರು ತುಂಡಾಗಿ ಪುಡಿಯ ಜೊತೆ ಹೋಗುತ್ತದೆ. ಹೆಚ್ಚು ನೆನೆಸಿದರೆ ಒಣಗಿಸುವ ಕೆಲಸ ಇಮ್ಮಡಿಯಾಗುತ್ತದೆ. ಎಷ್ಟು ನೆನೆಸಬೇಕು ಎಂಬುದನ್ನು ಇಂದಿಗೂ ಪ್ರತಿ ಘಟಕದಲ್ಲಿ ಮಟ್ಟೆ ಹಾಕುವ ಕೆಲಸಗಾರನ ಅಂದಾಜೇ ತೀರ್ಮಾನಿಸುತ್ತದೆ.

ಮಟ್ಟೆಯ ತೂಕದಲ್ಲಿ ನಾರು ಸುಮಾರು ಮೂರನೆಯ ಒಂದು ಭಾಗ. ಉಳಿದ ಮೂರನೆಯ ಎರಡು ಭಾಗ ಪುಡಿ. ಎಂದರೆ ಒಂದು ಕಿಲೋ ನಾರು ತೆಗೆಯುವಾಗ ಹತ್ತಿರಹತ್ತಿರ ಎರಡು ಕಿಲೋ ಪುಡಿ ತಾನಾಗಿಯೇ ಬರುತ್ತದೆ. ನಮ್ಮ ಭಾಗದ ಬಹಳಷ್ಟು ಘಟಕಗಳಲ್ಲಿ ಈ ಎರಡು ಪಾಲು ಸರಕು ಆವರಣದ ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ, ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಸಿಕ್ಕ ಬೆಲೆಗೆ ಹೋಗುತ್ತದೆ, ಇಲ್ಲವೇ ಬೇಸಿಗೆಯಲ್ಲಿ ಕಿಡಿ ತಗುಲಿ ವಾರಗಟ್ಟಲೆ ಹೊಗೆಯಾಡುತ್ತದೆ. ಅದೇ ಪುಡಿ ತೊಳೆದು, ಒಣಗಿಸಿ, ಇಟ್ಟಿಗೆಯಾಗಿ ಒತ್ತಿದ ಮೇಲೆ ಕೋಕೋಪೀಟ್ ಎಂಬ ಹೆಸರಿನಲ್ಲಿ ಹಡಗು ಹತ್ತುತ್ತದೆ. ಭಾರತದಿಂದ ರಫ್ತಾಗುವ ನಾರು ಉತ್ಪನ್ನಗಳ ಪೈಕಿ ಪ್ರಮಾಣದಲ್ಲೂ ಮೌಲ್ಯದಲ್ಲೂ ಇಂದು ಮೊದಲ ಸ್ಥಾನ ಇದರದು. ನಾರನ್ನು ಬಿಡಿಯಾಗಿ ಲಾರಿಗೆ ತುಂಬಿ ತಮಿಳುನಾಡಿನ ಕಡೆಗೆ ಕಳಿಸುವ ನಾವು, ಹುರಿ ಮಾಡುವ, ಹಾಸು ಮಾಡುವ, ಇಟ್ಟಿಗೆ ಒತ್ತುವ ಕೂಲಿಯನ್ನೂ ಲಾಭವನ್ನೂ ಅದರ ಜೊತೆಯಲ್ಲೇ ಕಳಿಸಿಕೊಡುತ್ತಿದ್ದೇವೆ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದಂತೆ. ನಮ್ಮಲ್ಲಿ ತೆಂಗೇನೋ ಇದೆ.

ಮೊದಲು ನಮ್ಮ ಘಟಕಗಳ ಒಳಗಿನ ಮಾತನ್ನೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲವನ್ನೂ ಸರ್ಕಾರದ ಮೇಲೆ ಹಾಕುವುದು ನ್ಯಾಯವಲ್ಲ. ನಮ್ಮಲ್ಲಿ ಮಟ್ಟೆ ಲೋಡಿನ ಲೆಕ್ಕದಲ್ಲಿ ಬರುತ್ತದೆ, ನಾರು ತೂಕದ ಲೆಕ್ಕದಲ್ಲಿ ಹೋಗುತ್ತದೆ, ಪುಡಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ವಿದ್ಯುತ್ ತಿಂಗಳ ಕೊನೆಯ ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ. ಈ ನಾಲ್ಕನ್ನೂ ಒಂದೇ ಪುಸ್ತಕದಲ್ಲಿ ದಿನದಿನವೂ ಬರೆದಿಟ್ಟ ಘಟಕಗಳು ವಿರಳ. ಒಂದು ಕ್ವಿಂಟಲ್ ನಾರಿಗೆ ಎಷ್ಟು ಮಟ್ಟೆ, ಎಷ್ಟು ಯೂನಿಟ್ ವಿದ್ಯುತ್, ಎಷ್ಟು ಆಳುಗಂಟೆ ಹಿಡಿಯಿತು ಎಂಬುದು ತಿಳಿಯದ ಮಾಲೀಕನಿಗೆ ಯಾವ ಯಂತ್ರ ಕೊಟ್ಟರೂ ಅದು ಲಾಭ ತಂದಿತೋ ಇಲ್ಲವೋ ಹೇಳಲಾಗುವುದಿಲ್ಲ.

ತೇವಾಂಶದ ಲೆಕ್ಕವನ್ನೇ ನೋಡಿ. ನೂರು ಕಿಲೋ ನಾರಿನಲ್ಲಿ ಶೇ 30 ತೇವಾಂಶವಿದ್ದರೆ ಒಣ ನಾರು 70 ಕಿಲೋ. ಅದನ್ನು ಶೇ 15ರ ತೇವಾಂಶಕ್ಕೆ ಒಣಗಿಸಿದರೆ ತೂಕ 82 ಕಿಲೋ ಚಿಲ್ಲರೆಗೆ ಇಳಿಯುತ್ತದೆ. ಖರೀದಿದಾರನ ಕಡೆಯವನು ಕಂತೆಯೊಳಗೆ ಕೈ ಹಾಕಿ ನೋಡಿ ನೂರಕ್ಕೆ ಇಪ್ಪತ್ತೈದು ಕಡಿತ ಎಂದರೆ, ಅದು ಹದಿನೆಂಟೇ ಆಗಬೇಕಿತ್ತು ಎಂದು ವಾದಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಒಂದು ತೇವಾಂಶ ಮಾಪಕ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಲಕ್ಷಗಟ್ಟಲೆಯ ಯಂತ್ರಕ್ಕೆ ಸಾಲ ಕೊಡುವ ಬ್ಯಾಂಕು ಅದನ್ನು ಕೇಳುವುದಿಲ್ಲ, ಯೋಜನಾ ವರದಿ ಬರೆದುಕೊಡುವವರೂ ಅದನ್ನು ಸೇರಿಸುವುದಿಲ್ಲ. ಯಂತ್ರೋಪಕರಣಗಳ ಪಟ್ಟಿಯಲ್ಲಿ ತೂಕದ ಯಂತ್ರ ಮತ್ತು ತೇವಾಂಶ ಮಾಪಕ ಕಡ್ಡಾಯವಾಗಿ ಇರಬೇಕೆಂದು ತಮ್ಮ ಕೇಂದ್ರ ಒಂದು ಸಾಲು ಸೇರಿಸಿದರೆ ಸರ್ಕಾರಕ್ಕೆ ತಗಲುವ ಹೆಚ್ಚುವರಿ ವೆಚ್ಚ ತೀರಾ ಅಲ್ಪ.

ವಿದ್ಯುತ್ತಿನದೂ ಇದೇ ಕಥೆ. ಇಪ್ಪತ್ತೈದು ಅಶ್ವಶಕ್ತಿಯ ಮೋಟಾರು ಎಂದರೆ ಪೂರ್ಣ ಭಾರದಲ್ಲಿ ಹದಿನೆಂಟೂವರೆ ಕಿಲೋವ್ಯಾಟಿಗಿಂತ ಹೆಚ್ಚು. ಮಟ್ಟೆ ತರುವವರು ತಡವಾದಾಗ, ಬೆಲ್ಟು ಜಾರಿದಾಗ, ಕೆಳಗೆ ಬಿದ್ದ ಪುಡಿ ಬಾಚುವಾಗ ನಾರು ಬಿಡಿಸುವ ಭಾರದ ಡ್ರಮ್ಮು ಖಾಲಿಯಾಗಿ ತಿರುಗುತ್ತಲೇ ಇರುತ್ತದೆ. ಖಾಲಿ ತಿರುಗುವಾಗ ಯೂನಿಟ್ಟೂ ಉರಿಯುತ್ತದೆ, ಎಳೆದುಕೊಂಡ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬಂದ ಪಾಲನ್ನು ತೋರಿಸುವ ಪವರ್ ಫ್ಯಾಕ್ಟರೂ ಕುಸಿಯುತ್ತದೆ. ಅದು ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಬಿಲ್ಲಿನಲ್ಲಿ ದಂಡ ಬರುತ್ತದೆ. ಸರಿಯಾದ ಕೆಪ್ಯಾಸಿಟರ್ ಹಾಕಿಸಿದರೆ ಆ ದಂಡ ನಿಲ್ಲುತ್ತದೆ. ಮಟ್ಟೆಯ ಜೊತೆ ಬರುವ ಕಲ್ಲು, ಮೊಳೆ, ತಂತಿ ಮತ್ತೊಂದು ಕಾಟ. ಒಂದು ಕಲ್ಲು ಡ್ರಮ್ಮಿನ ಹಲ್ಲು ಮುರಿದರೆ ಅರ್ಧ ದಿನದ ಕೆಲಸ ಹೋಗುತ್ತದೆ, ಮೊಂಡಾದ ಹಲ್ಲಿನಿಂದ ಬರುವ ನಾರಿನ ತುಂಬಾ ಪುಡಿ ಅಂಟಿರುತ್ತದೆ, ಅದಕ್ಕೂ ಬೆಲೆ ಕಡಿತ. ಮಟ್ಟೆಯನ್ನು ನೆಲದಿಂದ ಬಾಚಿ ಹಾಕುವ ಬದಲು ಜಾಲರಿಯ ಮೇಲೆ ಹಾಯಿಸಿ ಕೊಡುವ ಇಳಿಜಾರು ಹಲಗೆಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು.

ಇಂಥ ಕೆಲಸಗಳಿಗಾಗಿಯೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ, ಸಣ್ಣ ಉದ್ಯಮಗಳಲ್ಲಿ ಪೋಲು ತಗ್ಗಿಸುವ ಲೀನ್ ಯೋಜನೆಯನ್ನು ಹೊಸ ರೂಪದಲ್ಲಿ ತಂದಿತು. ಸಲಹೆಗಾರರ ವೆಚ್ಚದಲ್ಲಿ ಶೇ 90ನ್ನು ಸರ್ಕಾರವೇ ಭರಿಸುತ್ತದೆ, ಸಾಂಪ್ರದಾಯಿಕ ಉದ್ಯಮಗಳ ಸ್ಫೂರ್ತಿ ಯೋಜನೆಯ ಕ್ಲಸ್ಟರಿಗೆ, ಎಂದರೆ ಘಟಕಗಳ ಗುಂಪಿಗೆ, ಸೇರಿದ ಘಟಕಗಳಿಗೆ ಇನ್ನೂ ಶೇ 5 ಸೇರಿಸಿ ಕೊಡುತ್ತದೆ. ಯೋಜನೆ ಒಳ್ಳೆಯದು. ಆದರೆ ಕಾರು ಬಿಡಿಭಾಗದ ಕಾರ್ಖಾನೆಗಾಗಿ ಬರೆದ ಪಾಠವನ್ನು ನಾರು ಘಟಕಕ್ಕೆ ತಂದು, ಗೋಡೆಗೆ ಬಣ್ಣದ ಪಟ್ಟಿ ಅಂಟಿಸಿ, ಫೋಟೋ ತೆಗೆದು ಹೋದರೆ ಪ್ರಯೋಜನವಿಲ್ಲ. ನಮ್ಮಂಥ ಹತ್ತು ಘಟಕಗಳನ್ನು ಒಟ್ಟುಗೂಡಿಸಿ, ನಾರಿನ ಕೆಲಸ ಬಲ್ಲವರನ್ನೇ ಕರೆಸಿ, ಮೊದಲ ಮೂರು ತಿಂಗಳು ಬರಿಯ ಅಳತೆಯ ಕೆಲಸ ಮಾಡಿಸಬೇಕೆಂದು ಕೋರುತ್ತೇನೆ. ಕೇಂದ್ರ ಸರ್ಕಾರದ ನಾರು ಮಂಡಳಿಯ (ಕಾಯರ್ ಬೋರ್ಡ್) ಕೇಂದ್ರೀಯ ನಾರು ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಪೀಣ್ಯದಲ್ಲೇ ಇದೆ. ಅಲ್ಲಿನ ತಜ್ಞರು ಅರಸೀಕೆರೆಗೆ ರೈಲಿನಲ್ಲಿ ಬೆಳಿಗ್ಗೆ ಬಂದು ಸಂಜೆ ಹಿಂದಿರುಗಬಹುದು.

ಇನ್ನು ಪುಡಿಯ ವಿಷಯ. ಹಸಿರುಮನೆಯವರು, ನರ್ಸರಿಯವರು, ಹೊರದೇಶದ ಖರೀದಿದಾರರು ಕೋಕೋಪೀಟ್ ಕೊಳ್ಳುವ ಮುನ್ನ ಕೇಳುವ ಮೊದಲ ಪ್ರಶ್ನೆ ಅದರ ಲವಣಾಂಶದ್ದು. ಪುಡಿಯನ್ನು ನೀರಿನಲ್ಲಿ ಕಲಸಿ ಆ ನೀರಿನ ವಿದ್ಯುತ್ ವಾಹಕತೆಯನ್ನು ಅಳೆಯುತ್ತಾರೆ, ಲವಣ ಹೆಚ್ಚಿದ್ದಷ್ಟೂ ಅದು ಹೆಚ್ಚು; ವ್ಯಾಪಾರದಲ್ಲಿ ಎಲ್ಲರೂ ಅದನ್ನು ಇಸಿ ಎನ್ನುತ್ತಾರೆ. ಇಸಿ 0.5ಕ್ಕಿಂತ ಕಡಿಮೆಯಿದ್ದರೆ ಚೆನ್ನಾಗಿ ತೊಳೆದ ಸರಕು, ಒಂದು ದಾಟಿದರೆ ಅದಕ್ಕೆ ಕಡಿಮೆ ಬೆಲೆ. ಇದರಲ್ಲೂ ಒಂದು ಸೂಕ್ಷ್ಮವಿದೆ. ಒಂದು ಪಾಲು ಪುಡಿಗೆ ಒಂದೂವರೆ ಪಾಲು ನೀರು ಹಾಕಿ ಅಳೆಯುವುದು ಒಂದು ಪದ್ಧತಿ, ಐದು ಪಾಲು ನೀರು ಹಾಕುವುದು ಇನ್ನೊಂದು. ಅದೇ ಪುಡಿಗೆ ಎರಡೂ ಕಡೆ ಬೇರೆ ಬೇರೆ ಅಂಕಿ ಬರುತ್ತದೆ. ಯಾವ ಪದ್ಧತಿಯ ಅಂಕಿ ಎಂದು ಕೇಳಲು ತಿಳಿಯದ ಮಾರಾಟಗಾರ ತನ್ನ ಒಳ್ಳೆಯ ಸರಕನ್ನೂ ಕಳಪೆಯೆಂದು ಒಪ್ಪಿಕೊಂಡು ಬರುತ್ತಾನೆ.

ಸಾದಾ ನೀರಿನಲ್ಲಿ ತೊಳೆದರೆ ಕರಗುವ ಲವಣ ಹೋಗುತ್ತದೆ. ಪುಡಿಯ ಕಣಗಳಿಗೇ ಅಂಟಿಕೊಂಡ ಸೋಡಿಯಂ ಮತ್ತು ಪೊಟ್ಯಾಸಿಯಂ ಹಾಗೆ ಬಿಡುವುದಿಲ್ಲ. ಅದಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ಮತ್ತೆ ತೊಳೆಯಬೇಕು. ಮಣ್ಣಿಲ್ಲದ ಬೇಸಾಯ ಮಾಡುವವರು ಹೆಚ್ಚು ಬೆಲೆ ಕೊಡುವುದು ಹೀಗೆ ಹದಗೊಳಿಸಿದ ಪುಡಿಗೆ. ಎರಡು ಮೂರು ಸಾವಿರ ಲೀಟರಿನ ತೊಟ್ಟಿಯಿರುವ ಒಂಟಿ ಘಟಕಕ್ಕೆ ಇದು ಎಟುಕುವ ಕೆಲಸವಲ್ಲ. ಬೋರ್‌ವೆಲ್‌ಗಳು ಬತ್ತುವ ಅರಸೀಕೆರೆಯಲ್ಲಿ ಪ್ರತಿ ಘಟಕವೂ ಬೇರೆ ಬೇರೆಯಾಗಿ ಪುಡಿ ತೊಳೆಯಲು ಹೊರಟರೆ ಅದು ಊರಿಗೆ ಮಾಡುವ ಅನ್ಯಾಯವೂ ಆಗುತ್ತದೆ. ಮಳೆಗಾಲದಲ್ಲಿ ಪುಡಿಯನ್ನು ತೆಳುವಾಗಿ ಹರಡಿ ಮಳೆನೀರಿನಲ್ಲೇ ಮೊದಲ ತೊಳೆತ ಮುಗಿಸುವುದು, ಕೊನೆಯ ತೊಳೆತದ ನೀರನ್ನು ಮುಂದಿನ ಗುಡ್ಡೆಯ ಮೊದಲ ತೊಳೆತಕ್ಕೆ ಬಳಸುವುದು, ಹೀಗೆ ನೀರು ಉಳಿಸುವ ದಾರಿಗಳು ಒಂದೇ ಕಡೆ ದೊಡ್ಡ ತೊಟ್ಟಿ ಮತ್ತು ಹರಡಿ ಒಣಗಿಸುವ ಕಣ ಇದ್ದಾಗ ಮಾತ್ರ ನಡೆಯುತ್ತವೆ.

ತೊಳೆದು ಬಂದ ಕಂದು ನೀರನ್ನು ಹಳ್ಳಕ್ಕೆ ಬಿಟ್ಟರೆ ಕೆರೆ ಕೆಡುತ್ತದೆ, ಪರಿಸರ ಮಾಲಿನ್ಯ ನಿಯಂತ್ರಣ ಮಂಡಳಿ ಆಕ್ಷೇಪಿಸಿದರೆ ಅದು ಸರಿಯೇ. ಆದರೆ ಆ ನೀರಿನಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಷ್ ಮತ್ತು ಕ್ಲೋರೈಡ್. ತೆಂಗಿನ ಮರ ಮಣ್ಣಿನಿಂದ ಎಲ್ಲಕ್ಕಿಂತ ಹೆಚ್ಚಾಗಿ ಎಳೆದುಕೊಳ್ಳುವ ಪೋಷಕಾಂಶಗಳ ಸಾಲಿನಲ್ಲಿ ಇವೆರಡೂ ಇವೆ. ಅದೇ ನೀರನ್ನು ಸಾಕಷ್ಟು ತೆಳುಮಾಡಿ, ಅದರ ಒಗರಿನ ಅಂಶ ಮಣ್ಣಿಗೆ ಏನು ಮಾಡುತ್ತದೆಂದು ನೋಡಿಕೊಂಡು, ತೋಟಕ್ಕೆ ಮರಳಿಸಬಹುದೇ ಎಂಬುದನ್ನು ಪ್ರಯೋಗ ಮಾಡಿ ಹೇಳುವವರು ಬೇಕು. ಅರಸೀಕೆರೆಯಲ್ಲೇ ತೆಂಗಿನ ಮೇಲೆ ಕೆಲಸ ಮಾಡುವ ತೋಟಗಾರಿಕೆ ಸಂಶೋಧನೆ ಮತ್ತು ವಿಸ್ತರಣಾ ಕೇಂದ್ರವಿದೆ. ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಬಿಳಿನೊಣಗಳಿಂದ ಸೊರಗಿದ ತೋಟಗಳ ನಡುವೆ ಆ ಕೇಂದ್ರಕ್ಕೆ ಈಗಾಗಲೇ ಕೆಲಸ ಸಾಕಷ್ಟಿದೆಯೆಂದು ಬಲ್ಲೆ. ಆದರೂ ತಮ್ಮ ಕೇಂದ್ರದಿಂದ ಒಂದು ಪತ್ರ ಹೋದರೆ ಈ ಪ್ರಯೋಗಕ್ಕೆ ಒಂದು ತುಂಡು ಜಾಗ ಸಿಗಬಹುದು.

ಪರೀಕ್ಷೆಗಂತೂ ಹೊಸ ಪ್ರಯೋಗಾಲಯವೇ ಬೇಕಿಲ್ಲ. ಕಾರೆಕೆರೆಯ ಕೃಷಿ ಕಾಲೇಜು, ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಎರಡೂ ಹಾಸನದ ಪಕ್ಕದಲ್ಲೇ ಇವೆ. ಮಣ್ಣಿನ ಪರೀಕ್ಷೆಯಲ್ಲಿ ನೋಡುವುದೂ ಇದೇ ಇಸಿ ಮತ್ತು ರಸಸಾರವನ್ನು (ಪಿಹೆಚ್). ಅಂಥ ಪ್ರಯೋಗಾಲಯದಲ್ಲಿ ಮಣ್ಣಿನ ಜೊತೆ ತೆಂಗಿನ ಪುಡಿಯ ಮಾದರಿಯನ್ನೂ ಸ್ವೀಕರಿಸಿ, ಪದ್ಧತಿಯ ಹೆಸರು ನಮೂದಿಸಿದ ಫಲಿತಾಂಶದ ಹಾಳೆಯನ್ನು ನಿಗದಿತ ಶುಲ್ಕಕ್ಕೆ ಕೊಡುವ ವ್ಯವಸ್ಥೆಯಾದರೆ ಸಾಕು. ಆ ಹಾಳೆ ಹಿಡಿದು ಸಕಲೇಶಪುರದ ಕಾಫಿ ನರ್ಸರಿಗೋ ಚನ್ನರಾಯಪಟ್ಟಣದ ಹಸಿರುಮನೆಗೋ ಹೋಗಿ ನೇರವಾಗಿ ಮಾರಬಹುದು. ಎಲ್ಲರೂ ರಫ್ತಿನ ಕನಸು ಕಾಣಬೇಕಾಗಿಲ್ಲ.

ಒಣಗಿಸುವುದು ಮತ್ತು ಒತ್ತುವುದು ಇದರ ಮುಂದಿನ ಹೆಜ್ಜೆ. ನಮಗೆ ನೀರಿನ ಕೊರತೆಯಿದ್ದರೂ ಬಿಸಿಲಿನ ಕೊರತೆಯಿಲ್ಲ. ಘಟ್ಟದ ಮಳೆ ಅರಸೀಕೆರೆಯನ್ನು ಮುಟ್ಟುವಷ್ಟರಲ್ಲಿ ತೆಳುವಾಗಿರುತ್ತದೆ. ಆದರೆ ಸಿಮೆಂಟಿನ ಕಣವಿಲ್ಲದ್ದರಿಂದ ಪುಡಿಯನ್ನು ಮಣ್ಣಿನ ನೆಲದಲ್ಲೋ ರಸ್ತೆಯ ಅಂಚಿನಲ್ಲೋ ಹರಡುತ್ತೇವೆ. ಪುಡಿಗೆ ಮರಳು ಸೇರುತ್ತದೆ, ಬೈಕಿನವರ ಕಣ್ಣಿಗೆ ಪುಡಿ ಸೇರುತ್ತದೆ. ಐದು ಕಿಲೋ ಇಟ್ಟಿಗೆ ಒತ್ತುವ ಯಂತ್ರ ಪುಡಿಯ ಗಾತ್ರವನ್ನು ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಸುತ್ತದೆ. ಒತ್ತದ ಪುಡಿ ತುಂಬಿದ ಲಾರಿಯಲ್ಲಿ ನಾವು ಬಾಡಿಗೆ ಕೊಡುತ್ತಿರುವುದು ಹೆಚ್ಚಾಗಿ ಗಾಳಿಗೆ. ಬಿಡಿ ನಾರಿನದೂ ಹಾಗೆಯೇ, ಬೇಲ್ (ಒತ್ತಿದ ಕಂತೆ) ಕಟ್ಟಿದರೆ ಅದೇ ಲಾರಿಯಲ್ಲಿ ಹೆಚ್ಚು ತೂಕ ಹೋಗುತ್ತದೆ. ಒತ್ತುವ ಯಂತ್ರ ಒಂದು ಘಟಕಕ್ಕೆ ದುಬಾರಿ, ಒಂದು ಘಟಕದ ಪುಡಿ ಆ ಯಂತ್ರಕ್ಕೆ ಸಾಲದು. ಆದ್ದರಿಂದ ಇದು ಹಂಚಿಕೊಂಡು ಬಳಸಬೇಕಾದ ಯಂತ್ರ.

ಸಾಂಪ್ರದಾಯಿಕ ಉದ್ಯಮಗಳಿಗಾಗಿ ಇರುವ ಸ್ಫೂರ್ತಿ ಯೋಜನೆ ನಾರನ್ನೂ ಒಳಗೊಂಡಿದೆ. ಅದರಲ್ಲಿ 500 ಕುಶಲಕರ್ಮಿಗಳವರೆಗಿನ ಕ್ಲಸ್ಟರಿಗೆ 2.5 ಕೋಟಿ ರೂಪಾಯಿವರೆಗೆ, ಅದಕ್ಕೂ ದೊಡ್ಡದಕ್ಕೆ 5 ಕೋಟಿವರೆಗೆ ನೆರವಿನ ಅವಕಾಶವಿದೆ. ಇಲ್ಲಿ ಒಂದು ಆತಂಕವನ್ನೂ ಹೇಳಬೇಕು. ಸಾಮೂಹಿಕ ಸೌಲಭ್ಯ ಕೇಂದ್ರ ಎಂದೊಡನೆ ಕಟ್ಟಡ ಏಳುತ್ತದೆ, ಫಲಕ ಬರುತ್ತದೆ, ಉದ್ಘಾಟನೆಯಾಗುತ್ತದೆ. ಆಮೇಲೆ ಯಂತ್ರ ಕೆಟ್ಟರೆ ರಿಪೇರಿ ಮಾಡಿಸುವವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗದಂತೆ ನಮ್ಮಿಂದಲೂ ಪಾಲು ಹಣ ಕಟ್ಟಿಸಿಕೊಳ್ಳಿ, ಪ್ರತಿ ಟನ್ನಿಗೆ ಶುಲ್ಕ ಗೊತ್ತುಮಾಡಿ, ಅದರಲ್ಲಿ ಒಂದಂಶವನ್ನು ರಿಪೇರಿ ನಿಧಿಗೆ ಬೇರೆ ತೆಗೆದಿಡಿ, ಸಂಬಳದ ಮೇಲೊಬ್ಬ ಮೇಲ್ವಿಚಾರಕನನ್ನು ನೇಮಿಸಿ. ಮಾಲೀಕರ ಸಮಿತಿಯೇ ಸರದಿಯ ಮೇಲೆ ನೋಡಿಕೊಳ್ಳಲಿ ಎಂದು ಬಿಟ್ಟರೆ ಮೊದಲ ವರ್ಷದಲ್ಲೇ ಜಗಳ ಖಚಿತ, ನಾವೂ ಅಂಥ ಸಂತರೇನಲ್ಲ. ಕಟ್ಟಡಕ್ಕೆ ತಗಡಿನ ಸೂರು ಸಾಕು, ಹಣವೆಲ್ಲ ಕಣಕ್ಕೆ, ತೊಟ್ಟಿಗೆ, ಯಂತ್ರಕ್ಕೆ ಹೋಗಲಿ.

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಭಾಗದ ಹೊಸ ಘಟಕಕ್ಕೆ ಯೋಜನಾ ವೆಚ್ಚದ ಶೇ 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರಿಗೆ ಶೇ 35 ಸಹಾಯಧನವಿದೆ. ತಯಾರಿಕಾ ಘಟಕದ ಮಿತಿ 50 ಲಕ್ಷ ರೂಪಾಯಿ. ಈ ಯೋಜನೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದೇ ಸೀಮೆಯಲ್ಲಿ ಅದೇ ನಾರು ಬಿಡಿಸುವ ಯಂತ್ರಕ್ಕೆ ಮತ್ತೆ ಮತ್ತೆ ಮಂಜೂರಾತಿ ಕೊಟ್ಟಾಗ, ಇರುವ ಮಟ್ಟೆಗೇ ಪೈಪೋಟಿ ಹೆಚ್ಚಿ ಮಟ್ಟೆಯ ಬೆಲೆ ಏರುತ್ತದೆ, ನಾರಿನ ಬೆಲೆ ಮಾತ್ರ ಖರೀದಿದಾರನ ಕೈಯಲ್ಲೇ ಉಳಿಯುತ್ತದೆ. ಮುಂದಿನ ಅರ್ಜಿದಾರರನ್ನು ಹುರಿ ನೂಲುವ, ಬಲೆ ನೇಯುವ, ಹಾಸು ಮಾಡುವ, ಪುಡಿಯನ್ನು ಗೊಬ್ಬರ ಮಾಡುವ ಘಟಕಗಳ ಕಡೆಗೆ ತಾವು ತಿರುಗಿಸಿದರೆ ನಮ್ಮ ನಾರಿಗೆ ಊರಿನಲ್ಲೇ ಗಿರಾಕಿ ಹುಟ್ಟುತ್ತಾನೆ.

ಬಲೆಯ ಮಾತು ಬಂದಿದ್ದರಿಂದ ಜಿಲ್ಲಾಧಿಕಾರಿಗಳ ಗಮನಕ್ಕೆ ಒಂದು ಸಂಗತಿ ತರಬೇಕು. ನಮ್ಮ ಜಿಲ್ಲೆಯ ಪೂರ್ವದಲ್ಲಿ ನಾರು ಬೀಳುತ್ತದೆ, ಪಶ್ಚಿಮದಲ್ಲಿ ಮಣ್ಣು ಜಾರುತ್ತದೆ. 2018ರ ಮಳೆಯಲ್ಲಿ ಶಿರಾಡಿ ಘಾಟಿಯ ರಸ್ತೆ ಮತ್ತು ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗ ಎರಡೂ ಮುಚ್ಚಿದ್ದವು. 2024ರ ಜುಲೈಯಲ್ಲಿ ರಾಷ್ಟ್ರೀಯ ಹೆದ್ದಾರಿ 75ರ ದೊಡ್ಡತಪ್ಪಲು ಬಳಿ ಗುಡ್ಡ ಮತ್ತೆ ಮತ್ತೆ ಕುಸಿಯಿತು. ತೆಂಗಿನ ನಾರಿನ ಬಲೆಯನ್ನು ಇಳಿಜಾರಿಗೆ ಹಾಸಿ ಗೂಟ ಹೊಡೆದು ಹುಲ್ಲು ಬಿತ್ತಿದರೆ, ಬಲೆ ಕೊಳೆಯಲು ಹಿಡಿಯುವ ಎರಡು ಮೂರು ವರ್ಷಗಳಲ್ಲಿ ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಆಳದಿಂದ ಕುಸಿಯುವ ಗುಡ್ಡವನ್ನು ಇದು ತಡೆಯುವುದಿಲ್ಲ, ಅಲ್ಲಿ ತಡೆಗೋಡೆ ಮತ್ತು ನೀರು ಬಸಿಯುವ ವ್ಯವಸ್ಥೆಯೇ ಬೇಕು. ಆದರೆ ಹೊಸದಾಗಿ ಕಡಿದ ಇಳಿಜಾರಿನ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಮಾಡಲು ಇದು ಪರೀಕ್ಷಿತ ವಿಧಾನ. 2020ರಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತದಲ್ಲಿ ಏಳು ರಾಜ್ಯಗಳ 1,674 ಕಿಲೋಮೀಟರ್ ರಸ್ತೆಗೆ ನಾರಿನ ಬಲೆ ಬಳಸಲು ಗುರುತಿಸಲಾಯಿತು. ನಮ್ಮಷ್ಟು ತೆಂಗು ಬೆಳೆಯದ ಒಡಿಶಾ, ಮಹಾರಾಷ್ಟ್ರ, ಗುಜರಾತ್ ಕೂಡ ಆ ಪಟ್ಟಿಯಲ್ಲಿದ್ದವು, ಕರ್ನಾಟಕ ಇರಲಿಲ್ಲ. ಸಕಲೇಶಪುರ ತಾಲ್ಲೂಕಿನ ಒಂದು ಗ್ರಾಮೀಣ ರಸ್ತೆಯ ಇಳಿಜಾರನ್ನು ಆರಿಸಿ, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಮೇಲ್ವಿಚಾರಣೆಯಲ್ಲಿ ಎರಡು ಮಳೆಗಾಲ ನೋಡಿ ಎಂದು ವಿನಂತಿಸುತ್ತೇನೆ. ಖಚಿತ ಖರೀದಿಯ ಒಂದು ಆದೇಶವಿದ್ದರೆ ಮಗ್ಗ ಹಾಕಲು ಮುಂದೆ ಬರುವವರು ನಮ್ಮಲ್ಲಿದ್ದಾರೆ. ಆದೇಶವಿಲ್ಲದೆ ಮಗ್ಗ ಹಾಕಿ ಎಂದರೆ ಯಾವ ಬ್ಯಾಂಕೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಹಣ ಪಾವತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಖರೀದಿದಾರನಿಂದ 45 ದಿನಗಳೊಳಗೆ ಪಾವತಿಯಾಗಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಇರುವ ಒಬ್ಬನೇ ಖರೀದಿದಾರನ ಮೇಲೆ ದೂರು ಕೊಡಲು ಯಾವ ಸಣ್ಣ ಮಾಲೀಕನೂ ಹೋಗುವುದಿಲ್ಲ. ಊರಿನಲ್ಲೇ ಇನ್ನಿಬ್ಬರು ಖರೀದಿದಾರರು ಹುಟ್ಟಿದಾಗ ಮಾತ್ರ ಆ ಕಾಯ್ದೆ ನಮ್ಮ ಕೈಗೆ ಬರುತ್ತದೆ.

ಪುಡಿ ಬಾಚುವ, ನಾರು ಹರಡಿ ತಿರುವುವ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು, ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ದುಡಿಯುವವರು. ಸಾಮೂಹಿಕ ಕೇಂದ್ರದ ಯೋಜನಾ ವರದಿಯಲ್ಲಿ ದೂಳು ಹೀರುವ ವ್ಯವಸ್ಥೆ, ನೆರಳು, ಶೌಚಾಲಯ, ಬೆಂಕಿ ನಂದಿಸುವ ನೀರಿನ ತೊಟ್ಟಿ ಇವನ್ನು ಕೊನೆಯ ಪುಟಕ್ಕೆ ತಳ್ಳದೆ ಮೊದಲ ಅಂದಾಜಿನಲ್ಲೇ ಸೇರಿಸಬೇಕು. ಹೆಚ್ಚು ಬೆಲೆಯ ಸರಕಿನಿಂದ ಬರುವ ಹೆಚ್ಚುವರಿಯಲ್ಲಿ ಅವರ ಕೂಲಿಯೂ ಏರಬೇಕೆಂಬುದನ್ನು ಮಾಲೀಕನಾಗಿ ನಾನೇ ಬರೆದುಕೊಡಲು ಸಿದ್ಧ.

ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯ ಮುಂದಿನ ಸಭೆಯ ವಿಷಯಸೂಚಿಯಲ್ಲಿ ಈ ಪತ್ರದ ಮೂರು ಅಂಶಗಳನ್ನು ಸೇರಿಸಬೇಕೆಂದು ಕೋರುತ್ತೇನೆ: ಪುಡಿಯ ಮಾದರಿಯನ್ನು ಸ್ವೀಕರಿಸುವಂತೆ ಪ್ರಯೋಗಾಲಯಗಳಿಗೆ ಪತ್ರ, ಅರಸೀಕೆರೆಯ ಸುತ್ತಮುತ್ತ ಕಣ ಮತ್ತು ತೊಟ್ಟಿಗೆ ಸರ್ಕಾರಿ ಜಾಗ ಗುರುತಿಸುವುದು, ಸಕಲೇಶಪುರದಲ್ಲಿ ಬಲೆಯ ಪ್ರಯೋಗಕ್ಕೆ ಒಂದು ರಸ್ತೆ. ಮೊದಲನೆಯದಕ್ಕೆ ಹಣವೇ ಬೇಕಿಲ್ಲ. ಗಂಡಸಿ, ಬಾಣಾವರ, ಜಾವಗಲ್, ಕಣಕಟ್ಟೆ ಹೋಬಳಿಗಳ ಘಟಕದವರನ್ನು ಒಂದೆಡೆ ಸೇರಿಸಿ ನಮ್ಮ ಮಟ್ಟೆ, ನಾರು, ಪುಡಿ, ವಿದ್ಯುತ್ತಿನ ಲೆಕ್ಕದ ಪುಸ್ತಕಗಳನ್ನು ತಮ್ಮ ಮುಂದಿಡುವ ಹೊಣೆ ನಮ್ಮದು. ಸಭೆಯ ದಿನಾಂಕವನ್ನು ಕೊಬ್ಬರಿ ಸುಲಿಯುವ ಹಂಗಾಮು ಜೋರಾಗುವ ಮುಂಚೆ ತಿಳಿಸಿದರೆ ಎಲ್ಲರೂ ಬರಲು ಅನುಕೂಲವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ತೆಂಗಿನ ನಾರು ಘಟಕದ ಮಾಲೀಕ,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ